ನಮ್ಮ ಮನೆತನದ ತಲೆನೋವು

ಹನಿ ಬಿಟ್ಟ ಮೇಲೆ ಕಣ್ಣಿನ ಮೂಗಿನ ಕಡೆಯ ಮೂಲೆಯನ್ನು ತೋರುಬೆರಳಿನಿಂದ ಒತ್ತಿ ಹಿಡಿದು ನೂರಿಪ್ಪತ್ತರವರೆಗೆ ಎಣಿಸಬೇಕು. ಸರಿಯಾಗಿ ಒತ್ತದಿದ್ದರೆ ಔಷಧಿ ಗಂಟಲಿಗೆ ಇಳಿದು ನಾಲಿಗೆಯ ಬುಡದಲ್ಲಿ ಕಹಿ ಮೂಡುತ್ತದೆ. ಮೊದಲ ತಿಂಗಳು ನನಗೆ ದಿನವೂ ಮೂಡುತ್ತಿತ್ತು. ಈಗ ಇಲ್ಲ. ಬೆಳಿಗ್ಗೆ ಒಂದು ಸೀಸೆ, ಸಂಜೆ ಎರಡು, ಆ ಎರಡರ ನಡುವೆ ಹತ್ತು ನಿಮಿಷ.

ಇದು ನಾನು ಇರುವಷ್ಟು ಕಾಲವೂ ನಡೆಯಬೇಕಾದ ಕೆಲಸ. ಲೇಸರ್ ಮಾಡಿಸಿಕೊಂಡರೆ ಎಲ್ಲ ಮುಗಿಯಿತು ಎಂದು ತಿಳಿದಿದ್ದವಳು ನಾನು. ಲೇಸರ್ ಮುಂದಿನ ದೊಡ್ಡ ಅಪಾಯವೊಂದನ್ನು ತಡೆಯಿತು, ಅಷ್ಟೆ. ಕಣ್ಣಿನೊಳಗಿನ ಒತ್ತಡ ಅದಕ್ಕೆಲ್ಲ ಬಗ್ಗಲಿಲ್ಲ. ಎಡಗಣ್ಣಿನಲ್ಲಿ ಈಗ ನಡುವಿನ ಸ್ವಲ್ಪ ಭಾಗ ಉಳಿದಿದೆ. ಬಲಗಣ್ಣು ಚೆನ್ನಾಗಿದೆ. ಅದು ಹಾಗೆಯೇ ಇರಲಿ ಎಂಬುದಕ್ಕೇ ಈ ಮೂರು ಸೀಸೆಗಳು.

ನನ್ನ ಮೈಯ ವಿಷಯವನ್ನು ನಾಲ್ಕು ಜನರ ಮುಂದೆ ಹೇಳುವ ಸ್ವಭಾವ ನನ್ನದಲ್ಲ. ಹೇಳದೇ ಇದ್ದದ್ದರಿಂದ ಏನಾಯಿತು ಎಂಬುದನ್ನು ತಿಳಿಸಲಿಕ್ಕಾಗಿಯೇ ಬರೆಯುತ್ತಿದ್ದೇನೆ.

ನಾನು ಭೂಗೋಳದಲ್ಲಿ ಎಂ.ಎಸ್ಸಿ. ಮಾಡಿದವಳು. ಸಾಗರದಲ್ಲಿ ಭೂಮಾಪಕಿ, ಜಮೀನಿನ ಗಡಿ ಅಳೆದು ನಕ್ಷೆ ಬರೆಯುವುದು ಕೆಲಸ. ಮನೆ ಹೊಸನಗರದಲ್ಲಿ. ಅಪ್ಪ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ನಾನು ಶಾಲೆಗೆ ಸೇರುವ ಮೊದಲಿನಿಂದಲೂ ಅದೇ ದಾರಿ, ಅದೇ ಬಸ್ಸಿನ ಹೆಸರು.

ಎರಡೂವರೆ ವರ್ಷದ ಹಿಂದೆ ಒಂದು ಭಾನುವಾರ ಸಂಜೆ ನನ್ನ ಎಡಹುಬ್ಬಿನ ಮೇಲೆ ನೋವು ಶುರುವಾಯಿತು. ಒಂದು ಗಂಟೆಯೊಳಗೆ ಅದು ತಲೆಯ ಅರ್ಧಭಾಗಕ್ಕೆ ಹರಡಿತು. ವಾಂತಿಯಾಯಿತು. ಅಡುಗೆಮನೆಯ ಬಲ್ಬಿನ ಸುತ್ತ ಬಣ್ಣಬಣ್ಣದ ಬಳೆ ಕಾಣಿಸಿತು.

ಅಮ್ಮ ನನ್ನ ಹಣೆ ಮುಟ್ಟಿ ನೋಡಿ ಅಪ್ಪನ ಕಡೆ ತಿರುಗಿದಳು. "ಬಂತು ನೋಡಿ. ಇವ್ಳಿಗೂ ಬಂತು ನಿಮ್ಮನೆ ತಲೆನೋವು."

"ನಮ್ಮನೆ ಮಗಳಿಗೆ ನಮ್ಮನೇದಲ್ದೆ ನಿಮ್ಮ ತೌರ್ಮನೇದು ಬರ್ತದಾ?" ಎಂದು ಅಪ್ಪ ನಕ್ಕ.

ಅವರು ಹೆದರಲಿಲ್ಲ. ಹೆದರುವ ಕಾರಣ ಅವರಿಗಿರಲಿಲ್ಲ. ಅಪ್ಪನ ತಾಯಿಗೆ ಈ ಅರೆತಲೆನೋವು ಇತ್ತು. ಕೊನೆಗಾಲದಲ್ಲಿ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಅದನ್ನು ವಯಸ್ಸಿನ ಲೆಕ್ಕಕ್ಕೆ ಬಿಟ್ಟಿದ್ದರು. ಅಪ್ಪನಿಗೂ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಬಂದಾಗ ಹುಲಿಕಲ್ ಕಡೆಯ ಒಬ್ಬ ಮುದುಕರ ಹತ್ತಿರ ಹೋಗುತ್ತಾನೆ. ಸೂರ್ಯ ಹುಟ್ಟುವ ಮೊದಲು, ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ ಹಿಡಿದು ಹೋಗಬೇಕು. ಅವರು ಯಾವುದೋ ಸೊಪ್ಪನ್ನು ಅಂಗೈಯಲ್ಲಿ ಹೊಸಕಿ, ನೋವಿರುವ ಕಡೆಗೆ ಎದುರಾದ ಕಾಲಿನ ಹೆಬ್ಬೆರಳ ಉಗುರಿಗೆ ರಸ ಹಿಂಡುತ್ತಾರೆ. ಸೊಪ್ಪಿನ ಹೆಸರು ಕೇಳುವಂತಿಲ್ಲ. ಆಮೇಲೆ ಮೂರು ದಿನ ಪಥ್ಯ: ಉಪ್ಪಿಲ್ಲದ ಗಂಜಿ, ಮಾತಿಲ್ಲ, ಬೆಳಕಿಲ್ಲ. ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಮಲಗಿರಬೇಕು. ಬೆಳಕು ಕಂಡರೆ ಮದ್ದು ಹಿಡಿಯುವುದಿಲ್ಲ.

ಮರುದಿನ ನಸುಕಿನಲ್ಲಿ ಅಪ್ಪ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಓದಿದವಳು ಹೇಗೆ ಒಪ್ಪಿದೆ ಎಂದು ನನ್ನನ್ನು ನಾನೇ ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಬೇರೆ ಯೋಚನೆಯೇ ಬರದಷ್ಟು ನೋವಿತ್ತು. ಬೆಳಕು ಬಿದ್ದರೆ ಕಣ್ಣು ಇರಿದಂತಾಗುತ್ತಿದ್ದುದರಿಂದ ಕತ್ತಲು ಹಿತವೂ ಆಗಿತ್ತು. ಆ ಮುದುಕರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮಗೆ ಗೊತ್ತಿದ್ದದ್ದನ್ನು ಮಾಡಿದರು, ಮೊಮ್ಮಗಳ ಹಾಗೆ ತಲೆ ಸವರಿ ಕಳಿಸಿದರು.

ಮಂಗಳವಾರ ಬೆಳಿಗ್ಗೆ ಅಮ್ಮ ಗಂಜಿ ತಂದಾಗ ಬಾಗಿಲ ಸಂದಿಯಿಂದ ಬೆಳಕು ಬಂತು. ಬಲಗಣ್ಣನ್ನು ಮುಚ್ಚಿ ನೋಡಿದೆ. ಅಮ್ಮನ ಮುಖ ಇರಲಿಲ್ಲ. ಸೀರೆಯ ಹಸಿರು ಮಾತ್ರ, ಆವಿ ಹಿಡಿದ ಗಾಜಿನ ಆಚೆ ಇರುವಂತೆ. ತೆರೆದು ಮತ್ತೆ ಮುಚ್ಚಿದೆ. ಮೂರು ಸಲ ಹಾಗೆ ಮಾಡಿದೆ.

"ಕಣ್ ಮುಚ್ಕಳೆ. ಇನ್ನೊಂದಿನ ತಡ್ಕ," ಎಂದಳು ಅಮ್ಮ.

"ಅಮ್ಮ, ಎಡಗಣ್ಣು ಕಾಣ್ತಿಲ್ಲ."

ಅವಳು ಗಂಜಿಯ ಬಟ್ಟಲನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

ಅಪ್ಪನ ಬಸ್ಸು ಹೊಸನಗರಕ್ಕೆ ಬರುವ ಹೊತ್ತಿಗೆ ನಾವಿಬ್ಬರೂ ಸ್ಟ್ಯಾಂಡಿನಲ್ಲಿ ಇದ್ದೆವು. ತಲೆಗೆ ಟವೆಲ್ ಮುಚ್ಚಿಕೊಂಡು ಮುಂದಿನ ಸೀಟಿನಲ್ಲಿ ಅಮ್ಮನಿಗೆ ಒರಗಿ ಕೂತೆ. ಸಾಗರದ ಸ್ಟ್ಯಾಂಡಿನಲ್ಲಿ ನಮ್ಮನ್ನು ಇಳಿಸಿ ಅಪ್ಪ ಟ್ರಿಪ್ಪಿಗೆ ತಿರುಗಬೇಕಾಯಿತು. ಕಣ್ಣಿನ ಕ್ಲಿನಿಕ್ಕಿಗೆ ನನ್ನ ಜೊತೆ ಬಂದವಳು ಅಮ್ಮ.

ಡಾಕ್ಟರು ಮೆಲುದನಿಯ ಹೆಂಗಸು. ಯಂತ್ರದ ನೀಲಿ ಬೆಳಕನ್ನು ಕಣ್ಣಿಗೆ ತಾಗಿಸಿ ಒತ್ತಡ ಅಳೆದು, "ಎಡ ಐವತ್ತೆಂಟು, ಬಲ ಇಪ್ಪತ್ತು," ಎಂದರು. ಬರೆದುಕೊಳ್ಳುತ್ತಿದ್ದ ಸಹಾಯಕಿ ತಲೆಯೆತ್ತಿ ನನ್ನನ್ನು ನೋಡಿದಳು. ಆ ಅಂಕಿಯ ಅರ್ಥ ತಿಳಿಯದಿದ್ದರೂ ಅವಳ ನೋಟದ ಅರ್ಥ ತಿಳಿಯಿತು.

"ಯಾವಾಗಿಂದ ನೋವು?"

"ಭಾನುವಾರದಿಂದ."

"ಇವತ್ತು ಮಂಗಳವಾರ. ಅಲ್ಲಿಂದ ಏನು ಮಾಡ್ತಿದ್ರಿ?"

"ಕತ್ತಲೆ ಕೋಣೇಲಿ ಮಲಗಿದ್ದೆ."

ಡಾಕ್ಟರು ಯಂತ್ರವನ್ನು ಬದಿಗೆ ಸರಿಸಿದರು. "ಕತ್ತಲಲ್ಲಿ ಪಾಪೆ ಅಗಲ ಆಗುತ್ತೆ. ನಿಮ್ಮ ಕಣ್ಣಲ್ಲಿ ನೀರು ಹೊರಗೆ ಹೋಗೋ ದಾರಿ ಮೊದಲೇ ಇಕ್ಕಟ್ಟು. ಅದು ಪೂರ್ತಿ ಮುಚ್ಚಿಕೊಂಡಿದೆ. ಬೆಳಕಿರೋ ಕಡೆ ಇದ್ದಿದ್ರೆ ಇಷ್ಟು ಕೆಡ್ತಿರಲಿಲ್ಲವೇನೋ."

ಕಿಟಕಿಗೆ ಕಂಬಳಿ ಕಟ್ಟಿದವಳು ನನ್ನ ಹಿಂದೆ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ. ಆ ಬಗ್ಗೆ ಅಮ್ಮ ಇವತ್ತಿನವರೆಗೂ ಒಂದು ಮಾತೂ ಆಡಿಲ್ಲ. ಆದರೆ ಅಂದಿನಿಂದ, ಹೊರಗೆ ಇನ್ನೂ ಬೆಳಕಿರುವಾಗಲೇ ಮನೆಯ ಎಲ್ಲ ಕೋಣೆಗಳ ದೀಪ ಹಾಕಿಬಿಡುತ್ತಾಳೆ. ಬಚ್ಚಲದ್ದೂ ಸೇರಿ.

ರಕ್ತನಾಳಕ್ಕೆ ಔಷಧಿ ಏರಿಸಿದರು. ಬೆರಳ ತುದಿಗಳೆಲ್ಲ ಜುಮುಗುಡುವ ಮಾತ್ರೆ ಕೊಟ್ಟರು. ಎರಡು ದಿನದ ಮೇಲೆ ಲೇಸರ್, ಎರಡೂ ಕಣ್ಣಿಗೆ. ಗದ್ದವನ್ನು ಯಂತ್ರದ ಕಟ್ಟೆಯ ಮೇಲಿಟ್ಟು, ಕಣ್ಣಿಗೆ ಅಂಟುಅಂಟಾದ ಮಸೂರ ಒತ್ತಿ, "ಅಲ್ಲಾಡಬೇಡಿ" ಎಂದರು. ಪ್ರತಿ ಟಿಕ್ ಶಬ್ದಕ್ಕೂ ಒಳಗೆ ಯಾರೋ ಚಿವುಟಿದಂತೆ. ಮುಗಿದ ಮೇಲೆ ಡಾಕ್ಟರು ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅದೊಂದು ಸಣ್ಣ ದಯೆ ಎಂದು ಈಗ ಅನ್ನಿಸುತ್ತದೆ.

"ಹೋದ ದೃಷ್ಟಿ ಬರಲ್ಲ. ಇರೋದನ್ನ ಕಾಯಬೇಕು," ಎಂದರು. "ಇದು ಗ್ಲಾಕೋಮಾ, ಮನೆತನದಲ್ಲಿ ಬರೋದು. ಮನೇಲಿ ಎಲ್ಲರನ್ನೂ ಕರ್ಕೊಂಡು ಬನ್ನಿ. ತಲೆನೋವು ಇರೋರನ್ನ ಮೊದಲು. ಅಪ್ಪ ಏನು ಕೆಲಸ ಮಾಡ್ತಾರೆ?"

"ಮನೇಲೇ ಇರ್ತಾರೆ," ಎಂದೆ.

ಸುಳ್ಳು ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ನಿಜ ಹೇಳಿದ್ದರೆ ಅವರು ಮುಂದೆ ಏನು ಕೇಳುತ್ತಿದ್ದರು ಎಂಬುದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು.

ಅಪ್ಪನಿಗೆ ಹೇಳಿದೆ, ಒಂದು ಸಲ. ಬೆಳಗಿನ ಟ್ರಿಪ್ಪಿಗೆ ಮುಂಚೆ ಅವನು ರೊಟ್ಟಿ ತಿನ್ನುತ್ತಿದ್ದ.

"ನಂಗೆಂತ ಆಗಿದೆ? ಮದ್ದು ಹಾಕ್ಸ್ಕಂಡ್ರೆ ಮೂರ್ ದಿನಕ್ಕೆ ಹೋಗ್ತದೆ. ನೀ ಪಥ್ಯ ಮುರಿದೆ, ಅದ್ಕೆ ನಿಂಗೆ ಹಿಂಗಾಯ್ತು."

"ಅಪ್ಪ, ಡಾಕ್ಟ್ರು ಹೇಳಿದ್ದು—"

"ಇಷ್ಟು ವರ್ಷ ಆಯ್ತು ಸ್ಟೇರಿಂಗ್ ಹಿಡ್ದು. ರಸ್ತೇಲಿ ಒಂದು ಕೋಳಿ ಸಾಯ್ಸಿಲ್ಲ ನಾನು. ಹೋಗೆ ಸುಮ್ನೆ."

ನಾನು ಸುಮ್ಮನಾದೆ. ಮಗಳು ಹೇಳಿದ್ದಾಗಿದೆ, ಕೇಳುವುದು ಬಿಡುವುದು ಅವನಿಗೆ ಬಿಟ್ಟದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಬಸ್ಸಿನಲ್ಲಿ ದಿನಕ್ಕೆ ಎಷ್ಟು ಜನ ಹತ್ತಿ ಇಳಿಯುತ್ತಾರೆ ಎಂಬುದನ್ನು ಯೋಚಿಸಲು ಹೋಗಲಿಲ್ಲ.

ಆಮೇಲಿನದು ಕಾಯುವ ಕಾಲ. ಮೂರು ತಿಂಗಳಿಗೊಮ್ಮೆ ಒತ್ತಡ ನೋಡಿಸಬೇಕು, ಅದು ಇಪ್ಪತ್ತರ ಒಳಗಿರಬೇಕು. ಇಪ್ಪತ್ತನಾಲ್ಕು, ಹತ್ತೊಂಬತ್ತು, ಮತ್ತೆ ಇಪ್ಪತ್ತಾರು. ಒಂದು ಸೀಸೆ ಎರಡಾಯಿತು, ಎರಡು ಮೂರಾಯಿತು. ಒಂದು ಔಷಧಿಯಿಂದ ರೆಪ್ಪೆ ಉದ್ದವಾಗಿ ಕಣ್ಣಿನ ಸುತ್ತ ಕಪ್ಪಾಯಿತು. "ಏನ್ ಮೇಡಂ, ಕಾಡಿಗೆ ಶುರು ಮಾಡಿದೀರಿ? ಏನಾದ್ರೂ ವಿಶೇಷವಾ?" ಎಂದು ಆಫೀಸಿನಲ್ಲಿ ಒಬ್ಬರು ಕೇಳಿದರು. ಹೌದು ಎಂದೆ.

ವೇಟಿಂಗ್ ರೂಮಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ ಸಿಗುತ್ತಿದ್ದರು. ಒಳಗೆ ಹೋಗಿ ಬಂದವರನ್ನೆಲ್ಲ "ನಿಂಗೆಷ್ಟು ಬಂತು?" ಎಂದು ಪರೀಕ್ಷೆಯ ಅಂಕ ಕೇಳುವಂತೆ ಕೇಳುವವರು. ಒಮ್ಮೆ ನಾನು ಹದಿನೆಂಟು ಎಂದೆ.

"ನಂದು ಹದಿನಾಕು. ನೀ ಪಾಸು ಕಣೆ. ಆದ್ರೆ ಫಸ್ಟ್ ಕ್ಲಾಸು ನಾನೇ."

ಆ ದಿನ ಬಹಳ ತಿಂಗಳ ಮೇಲೆ ನಕ್ಕೆ.

ಅಳತೆಗೆ ಹೋದಾಗ ಸರಪಳಿ ಹಿಡಿಯುವ ಮಂಜಣ್ಣ ಯಾವಾಗಿನಿಂದಲೋ ನನ್ನ ಎಡಗಡೆಯೇ ನಡೆಯತೊಡಗಿದ್ದರು. "ಮೇಡಂ, ಇಲ್ಲಿ ಗುಂಡಿ ಇದೆ," "ಮೇಡಂ, ತಂತಿ." ನಾನು ಅವರಿಗೆ ಏನೂ ಹೇಳಿರಲಿಲ್ಲ. ಅವರೂ ಕೇಳಲಿಲ್ಲ. ಇಬ್ಬರಿಗೂ ಅದು ಅನುಕೂಲವಾಗಿತ್ತು.

ಆರು ತಿಂಗಳಿಗೊಮ್ಮೆ ತೀರ್ಥಹಳ್ಳಿಗೆ ಹೋಗಬೇಕು. ದೃಷ್ಟಿ ಎಷ್ಟು ಅಗಲಕ್ಕಿದೆ ಎಂದು ಅಳೆಯುವ ಯಂತ್ರ ಅಲ್ಲಿದೆ. ಅದೇ ಡಾಕ್ಟರು ವಾರಕ್ಕೊಂದು ದಿನ ಅಲ್ಲಿಗೂ ಬರುತ್ತಾರೆ. ಒಂದು ಕಣ್ಣು ಮುಚ್ಚಿ, ಬೆಳ್ಳಗಿನ ಬೋಗುಣಿಯಂಥದ್ದರೊಳಗೆ ಮುಖವಿಟ್ಟು, ಚುಕ್ಕೆಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಬಹಳ ಹೊತ್ತು ಏನೂ ಮಿನುಗುವುದಿಲ್ಲ. ಮಿನುಗುತ್ತಿರುತ್ತದೆ, ನನಗೆ ಕಾಣುತ್ತಿರುವುದಿಲ್ಲ. ಒಮ್ಮೆ ಭಯಕ್ಕೆ ಸುಮ್ಮಸುಮ್ಮನೆ ಒತ್ತಿದೆ. "ಕಾಣದಿದ್ರೆ ಒತ್ತಬೇಡಿ ಮೇಡಂ, ಮಿಷಿನ್ನಿಗೆ ಗೊತ್ತಾಗುತ್ತೆ," ಎಂದಳು ಸಹಾಯಕಿ.

ಕಳೆದ ಬಾರಿ ಆ ಪರೀಕ್ಷೆಗೆ ಅಪ್ಪನ ಬಸ್ಸಿನಲ್ಲೇ ಹೊರಟೆ. ಮುಂದಿನ ಬಾಗಿಲ ಪಕ್ಕದ ಸೀಟು. ಹೊಸನಗರ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಎಡಬದಿಯಲ್ಲಿ ಒಬ್ಬ ಹೆಂಗಸು ಕೈ ಅಡ್ಡ ಹಿಡಿದು ನಿಂತಿದ್ದಳು. ಅಪ್ಪ ನಿಲ್ಲಿಸಲಿಲ್ಲ. ಕಂಡಕ್ಟರ್ ಸುಧಾಕರ ಸೀಟಿ ಊದಿದ ಮೇಲೆ ನಿಲ್ಲಿಸಿದ. ಅವಳು ಓಡಿಬಂದು ಹತ್ತಿ, "ಎಂತ ಮಾರಾಯ್ರೆ, ನಾ ಎಂತ ಕರೆಂಟ್ ಕಂಬವಾ?" ಎಂದು ಬೈದಳು. ಎಲ್ಲರೂ ನಕ್ಕರು, ಅಪ್ಪನೂ.

ಆಮೇಲೆ ನಾನು ಸುಧಾಕರನ ಮಾತನ್ನು ಗಮನಿಸತೊಡಗಿದೆ. ಅವನು ಟಿಕೆಟ್ ಕೊಡುತ್ತಲೇ, ಯಾರೊಂದಿಗೋ ಹರಟುತ್ತಲೇ, ನಡುನಡುವೆ ಕೂಗುತ್ತಿದ್ದ: "ಎಡಕ್ಕೆ ಬೈಕು ಅಣ್ಣ... ಹಾಂ, ಬಾ." "ದನ ಇದೆ ಎಡಕ್ಕೆ." ಬೇರೆ ಕಂಡಕ್ಟರುಗಳೂ ಕೂಗುತ್ತಾರೆ, ಬಸ್ಸು ಹಿಂದಕ್ಕೆ ತೆಗೆಯುವಾಗ. ಇವನು ನೇರ ರಸ್ತೆಯಲ್ಲಿ ಕೂಗುತ್ತಿದ್ದ.

ಕೋಣಂದೂರು ದಾಟಿದ ಮೇಲೆ ಒಂದು ತಿರುವು. ಸುಧಾಕರ ಹಿಂದಿನ ಸೀಟಿನಲ್ಲಿ ಚಿಲ್ಲರೆಗೆ ತಕರಾರು ಮಾಡುತ್ತಿದ್ದ. ಎಡಬದಿಯಲ್ಲಿ, ಅರ್ಧ ರಸ್ತೆಯ ಮೇಲೆ, ಕಲ್ಲು ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಅದು ನನಗೂ ತಡವಾಗಿಯೇ ಕಂಡಿತು. ಆದರೆ ಕಂಡಿತು. ಬಸ್ಸಿನ ವೇಗ ಕಡಿಮೆಯಾಗಲಿಲ್ಲ.

"ಅಪ್ಪಾ, ಎಡಕ್ಕೆ!"

ಅಪ್ಪ ಸ್ಟೇರಿಂಗ್ ಪೂರ್ತಿ ಬಲಕ್ಕೆ ಎಳೆದ. ಎಡಗಡೆಯ ಕನ್ನಡಿ ಟ್ರ್ಯಾಕ್ಟರಿಗೆ ಬಡಿದು ನನ್ನ ಕಿಟಕಿಯ ಕೆಳಗೆ ಪುಡಿಯಾಯಿತು. ಬಸ್ಸು ನಿಂತಿತು. ಎದುರಿನಿಂದ ಆ ಕ್ಷಣ ಏನೂ ಬರುತ್ತಿರಲಿಲ್ಲ.

"ಎಲ್ಲಿಂದ ಬಂತದು?" ಎಂದ ಅಪ್ಪ.

ಅದು ಎಲ್ಲಿಂದಲೂ ಬಂದಿರಲಿಲ್ಲ. ಆ ಪ್ರಶ್ನೆ ನನಗೆ ಹೊಸದೂ ಅಲ್ಲ. ಎಡಬದಿಯಿಂದ ಮನುಷ್ಯರು, ಕಂಬಗಳು, ಬಾಗಿಲುಗಳು ಇದ್ದಕ್ಕಿದ್ದಂತೆ ಎದ್ದುಬಂದಾಗ ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ.

ತೀರ್ಥಹಳ್ಳಿಯಲ್ಲಿ ಬಸ್ಸಿಗೆ ಒಂದೂವರೆ ಗಂಟೆ ಬಿಡುವು. ಇಳಿದವಳೇ ಸುಧಾಕರನನ್ನು ಪಕ್ಕಕ್ಕೆ ಕರೆದು ಯಾವಾಗಿನಿಂದ ಹೀಗೆ ಕೂಗುತ್ತಿದ್ದೀರಿ ಎಂದು ಕೇಳಿದೆ.

ಅವನು ನೆಲ ನೋಡಿದ. "ಒಂದೊಂದೂವರೆ ವರ್ಷ ಆಗಿರ್ಬಹುದು ಅಕ್ಕ. ಅಣ್ಣ ಹೇಳಿಲ್ಲ. ನಾನೂ ಕೇಳಿಲ್ಲ."

ಅಪ್ಪ ಹೋಟೆಲಿನ ಕಡೆ ಹೊರಟಿದ್ದ. ಅವನ ದಾರಿಗೆ ಅಡ್ಡ ನಿಂತೆ.

"ಅಪ್ಪ, ನನ್ ಜೊತೆ ಆಸ್ಪತ್ರೆಗೆ ಬಾ."

"ಊಟ ಮಾಡಕೆ ಬಿಡೆ ಮಾರಾಯ್ತಿ. ಎಂತಕ್ಕೆ?"

"ನಂಗೆ ಹೆದ್ರಿಕೆ ಆಗ್ತಿದೆ."

ಬುದ್ಧಿ ಬಂದ ಮೇಲೆ ಅಂಥ ಮಾತನ್ನು ಅವನಿಗೆ ನಾನು ಹೇಳಿದ್ದಿಲ್ಲ. ಅವನು ನನ್ನ ಮುಖ ನೋಡಿ, ಹೆಗಲ ಟವೆಲ್ ಸರಿಮಾಡಿಕೊಂಡು, ಏನೂ ಕೇಳದೆ ಬಂದ.

ಡಾಕ್ಟರು ಅವನ ಖಾಕಿ ಅಂಗಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಮನೇಲಿರ್ತಾರೆ ಅಂದಿದ್ರಿ," ಎಂದಷ್ಟೇ ಹೇಳಿದರು. ನನ್ನ ಬದಲು ಅಪ್ಪನನ್ನು ಕೂರಿಸಿ ಎಂದೆ.

ಎಡ ಮೂವತ್ತೆಂಟು. ಬಲ ಮೂವತ್ತೊಂದು.

ಆಮೇಲೆ ಬೋಗುಣಿಯ ಯಂತ್ರ. ನಾನು ಪರದೆಯ ಈಚೆ ಬೆಂಚಿನ ಮೇಲೆ ಕೂತೆ. ಬಲಗಣ್ಣಿನ ಸರದಿಯಲ್ಲಿ ಗುಂಡಿಯ ಸದ್ದು ಕೇಳುತ್ತಿತ್ತು. ಬಿಟ್ಟುಬಿಟ್ಟು, ಆದರೆ ಕೇಳುತ್ತಿತ್ತು. ಎಡಗಣ್ಣಿಗೆ ಬದಲಾಯಿಸಿದ ಮೇಲೆ ಸದ್ದು ನಿಂತಿತು. ಯಂತ್ರದ ಗುಂಯ್ ಎಂಬ ದನಿ ಮಾತ್ರ. ಬಹಳ ಹೊತ್ತಾದ ಮೇಲೆ ಅಪ್ಪನ ದನಿ ಬಂತು.

"ಶುರು ಮಾಡಿದ್ರಾ ಮೇಡಂ?"

ಅರ್ಧ ಮುಗಿದಿತ್ತು.

ಡಾಕ್ಟರು ಎರಡು ಹಾಳೆಗಳನ್ನು ಅಪ್ಪನ ಮುಂದಿಟ್ಟರು. ಕಾಣದ ಕಡೆಯೆಲ್ಲ ಕಪ್ಪು. ಎಡಗಣ್ಣಿನ ಹಾಳೆ ಬಹುಪಾಲು ಕಪ್ಪು. ಇನ್ನೊಂದರಲ್ಲಿ ಒಂದು ಕಡೆಯಿಂದ ಕಪ್ಪು ಏರಿಬರುತ್ತಿತ್ತು. ನನಗೆ ಬಂದದ್ದು ಒಮ್ಮೆಲೇ. ಅಪ್ಪನಿಗೆ ಬಂದದ್ದು ನಿಧಾನಕ್ಕೆ, ವರ್ಷಗಟ್ಟಲೆ. ಪ್ರತಿ ತಲೆನೋವೂ ಸ್ವಲ್ಪ ಸ್ವಲ್ಪ ಒಯ್ದಿತ್ತು. ಪ್ರತಿ ಸಲ ಕತ್ತಲೆ ಕೋಣೆಯ ಆ ಮೂರು ದಿನಗಳೂ.

"ಇವತ್ತಿಂದಲೇ ಔಷಧಿ. ಸೋಮವಾರ ಲೇಸರ್. ಬಸ್ ಓಡಿಸಬಾರದು," ಎಂದರು.

"ಸೋಮವಾರದಿಂದ?"

"ಇವತ್ತಿಂದ."

"ಮೂರೂಕಾಲಕ್ಕೆ ಟೈಮಿಂಗ್ ಇದೆ ಮೇಡಂ. ಜನ ಹತ್ತಿ ಕೂತಿರ್ತಾರೆ. ಇದೊಂದು ಟ್ರಿಪ್ ಮುಗ್ಸಿ—"

"ಬೇಡ."

ಅಪ್ಪ ನನ್ನ ಕಡೆ ತಿರುಗಿದ. "ನೀ ಹೇಳೆ ಇವ್ರಿಗೆ. ಮನೆಗೆ ಹೋಗೋ ದಾರಿ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು."

"ಅಪ್ಪ," ಎಂದೆ, "ಆ ಟ್ರ್ಯಾಕ್ಟರ್ ಬಂದಿದ್ದಲ್ಲ. ನಿಂತಿತ್ತು."

ಅವನು ನನ್ನನ್ನು ನೋಡುತ್ತಲೇ ಇದ್ದ. ಆಮೇಲೆ ಜೇಬಿನಿಂದ ಬಸ್ಸಿನ ಕೀ ತೆಗೆದು ಮೇಜಿನ ಮೇಲೆ, ಆ ಹಾಳೆಗಳ ಮೇಲೆ ಇಟ್ಟ. ಸುಧಾಕರನಿಗೆ ಅದನ್ನು ತಲುಪಿಸಿದವಳು ನಾನು.

ಮಾಲೀಕರು ಬೇರೆ ಡ್ರೈವರನ್ನು ಕಳಿಸುವ ಹೊತ್ತಿಗೆ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಒಳಗೆ ಕೂತವರು ಗೊಣಗುತ್ತಿದ್ದರು. "ಡ್ರೈವರಿಗೆ ಎಂತ ಆಯ್ತಂತೆ?" "ಕಣ್ ಕಾಣಲ್ವಂತೆ." "ಅಯ್ಯೋ ದೇವ್ರೆ, ಮತ್ತೆ ಬರ್ತಾ ಬಸ್ ಯಾರು ಬಿಟ್ಟಿದ್ದು?" ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು. ತಿರುವು ಬಂದಾಗಲೆಲ್ಲ ಅವನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು.

ಕೋಣಂದೂರು ದಾಟಿದ ಮೇಲೆ ಮಾತಾಡಿದ. "ಡಾಕ್ಟ್ರು ನಿಂಗೆ ಯಾವಾಗ ಹೇಳಿದ್ರು?"

"ಲೇಸರ್ ಮಾಡಿದ ದಿನ."

"ಎರಡೂವರೆ ವರ್ಷ ಆಯ್ತಲ್ಲೆ."

"ಹೌದು."

"ಒಂದ್ಸಲ ಹೇಳಿದ್ದೆ ನೀನು."

"ಒಂದ್ಸಲ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಇನ್ನೊಂದ್ಸಲ ಹೇಳ್ಬೇಕಿತ್ತು ಪುಟ್ಟಿ," ಎಂದ.

ಮನೆಯಲ್ಲಿ ಅಮ್ಮ ಎಲ್ಲವನ್ನೂ ನಿಂತೇ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಹಂಗಾರೆ ನಾಗರತ್ನಂಗೆ?" ಎಂದಳು. ನಾಗರತ್ನ ಅಪ್ಪನ ಒಬ್ಬಳೇ ತಂಗಿ. ವರದಾಮೂಲದ ಹತ್ತಿರ ಇರುತ್ತಾಳೆ. ಅವಳಿಗೂ ತಲೆನೋವು ಬರುತ್ತದೆ. ಅವಳೂ ಹುಲಿಕಲ್ಲಿಗೆ ಹೋಗುತ್ತಾಳೆ.

"ಫೋನಲ್ಲಿ ಹೇಳ್ಬೇಡ, ಹೆದರ್ಕಂತಾಳೆ," ಎಂದಳು ಅಮ್ಮ. "ಇಲ್ಲಿದು ಮುಗೀಲಿ. ಹಬ್ಬಕ್ಕೆ ಬರ್ತಾಳಲ್ಲ, ನಿಧಾನಕ್ಕೆ ಹೇಳಣ."

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ರಜೆ ಹೇಳಿ, ಮೊದಲ ಬಸ್ಸಿಗೆ ಸಾಗರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅತ್ತೆಯ ಮನೆ ತಲುಪಿದೆ. ಅತ್ತೆ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒಳಗೆ ಬಾ, ಕಾಫಿ ಕುಡಿ ಎಂದಳು. ಹೋಗಲಿಲ್ಲ. ಅಂಗಳದಲ್ಲೇ ನಿಂತು ನನ್ನ ಕಣ್ಣಿನದು, ಕತ್ತಲೆ ಕೋಣೆಯದು, ಅಪ್ಪನದು, ಟ್ರ್ಯಾಕ್ಟರಿನದು, ಒಂದನ್ನೂ ಬಿಡದೆ ಹೇಳಿದೆ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಕೇಳುತ್ತಿದ್ದರು. ಕೇಳಲಿ ಎಂದು ದನಿ ಇಳಿಸಲಿಲ್ಲ.

ಅತ್ತೆ ಕೈ ಒರೆಸಿಕೊಂಡು ನಕ್ಕಳು. "ಅಯ್ಯ, ನಂಗೆಂತ ಆಗಿದ್ಯೆ?"

ನಾನು ಅವಳ ಕೈಯಿಂದ ಬಟ್ಟೆಯ ಬಕೆಟ್ ತೆಗೆದು ಕೆಳಗಿಟ್ಟು, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.